ಉದ್ರಿ ತಂದವನಿಗೂ ಬಿಲ್ಲು ಬೇಕು



ಮುಂಗಾರು ಹತ್ತಿರ ಬಂತೆಂದರೆ ಬೀಜ ಗೊಬ್ಬರದ ಅಂಗಡಿ ಮುಂದೆ ನಮ್ಮ ಪಾಳಿ ಶುರುವಾಗುತ್ತದೆ. ಅದಕ್ಕೆ ಮೊದಲು ಒಂದು ಮಾತು ಕೇಳುತ್ತೇನೆ. ಹೋದ ವರ್ಷ ತಂದ ಬೀಜದ ಬಿಲ್ಲು ನಿಮ್ಮ ಮನೆಯಲ್ಲಿ ಇದೆಯೇ? ಚೀಲದ ಬಾಯಿಗೆ ಹೊಲಿದಿದ್ದ ಚೀಟಿ ಇದೆಯೇ? ಇರಲಾರದು. ಚೀಲ ದನದ ಕೊಟ್ಟಿಗೆ ಸೇರಿರುತ್ತದೆ, ಚೀಟಿ ಬದುವಿನಲ್ಲಿ ಕೊಳೆತಿರುತ್ತದೆ, ಬಿಲ್ಲನ್ನು ಅಂಗಡಿಯವ ಕೊಟ್ಟೇ ಇರುವುದಿಲ್ಲ.

ನನ್ನದೂ ಇದೇ ಕಥೆ. ಕೆಲವು ವರ್ಷಗಳ ಹಿಂದೆ ಗೋವಿನಜೋಳದ ಬೀಜ ಉದ್ರಿ ತಂದೆ. ಕೈಗೆ ಬಂದದ್ದು ಒಂದು ಬಿಳಿ ಕಾಗದದ ತುಂಡು, ಅದರ ಮೇಲೆ ಒಂದು ಮೊತ್ತ. ಅಂಗಡಿಯ ಹೆಸರಿಲ್ಲ, ತಳಿಯ ಹೆಸರಿಲ್ಲ, ಲಾಟ್ ನಂಬರಿಲ್ಲ. ಒಳ್ಳೆಯ ಹದದಲ್ಲೇ ಬಿತ್ತಿದೆ, ಆದರೂ ನಾಲ್ಕಾಣೆ ಪಾಲು ಹುಟ್ಟಲಿಲ್ಲ. ಪಕ್ಕದ ಹೊಲದವನು ಬೇರೆ ಬೀಜ ಹಾಕಿದ್ದ, ಅವನದು ಸಾಲು ಹಿಡಿದು ಎದ್ದು ನಿಂತಿತ್ತು. ಅಂಗಡಿಗೆ ಹೋಗಿ ಕೇಳಿದರೆ, "ನಮ್ಮಲ್ಲೇ ಒಯ್ದಿದ್ದು ಅನ್ನಾಕ ಏನ್ ಪುರಾವೆ ಐತ್ರಿ ಯಜಮಾನ್ರ?" ಅಂದ. ಸುಗ್ಗಿಯಲ್ಲಿ ಮಾತ್ರ ಅದೇ ಬೀಜದ ಬಾಕಿಯನ್ನು ಬಡ್ಡಿ ಸಮೇತ, ತನ್ನ ವಹಿ ನೋಡಿ ಮುರಿದುಕೊಂಡ! ವಸೂಲಿಗೆ ಅವನ ವಹಿ ಸಾಕು, ದೂರಿಗೆ ನನ್ನ ಮಾತು ಸಾಲದು.

ಗ್ರಾಹಕ ಸಂರಕ್ಷಣಾ ಕಾಯ್ದೆ 1986ರಲ್ಲಿ ಬಂತು. ಅದರ ಜಾಗದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈಯಿಂದ ಜಾರಿಯಾಯಿತು. ಗ್ರಾಹಕ ಅಂದರೆ ಪೇಟೆಯಲ್ಲಿ ಫ್ಯಾನು, ಫ್ರಿಜ್ಜು ಕೊಳ್ಳುವವ ಎಂದೇ ನಾವು ತಿಳಿದಿದ್ದೇವೆ. ಕಾಯ್ದೆ ಹಾಗೆ ಹೇಳುವುದಿಲ್ಲ. ಪೂರ್ತಿ ರೊಕ್ಕ ಕೊಟ್ಟವನು, ಸ್ವಲ್ಪ ಕೊಟ್ಟು ಸ್ವಲ್ಪ ಬಾಕಿ ಇಟ್ಟವನು, ಏನೂ ಕೊಡದೆ ಮುಂದೆ ಕೊಡುತ್ತೇನೆಂದು ಒಪ್ಪಿ ತಂದವನು, ಈ ಮೂವರೂ ಗ್ರಾಹಕರೇ. ಉದ್ರಿಗೆ ಬಿಲ್ಲಿಲ್ಲ ಅನ್ನುವುದು ಅಂಗಡಿಯವರು ಮಾಡಿಕೊಂಡ ರೂಢಿ. ಗೊಬ್ಬರಕ್ಕಂತೂ 1985ರ ರಸಗೊಬ್ಬರ ನಿಯಂತ್ರಣ ಆದೇಶ, ನಗದಿರಲಿ ಉದ್ರಿಯಿರಲಿ ರಸೀದಿ ಕೊಡಲೇಬೇಕು, ದಾಸ್ತಾನು ಮತ್ತು ದರದ ಹಲಗೆ ತೂಗುಹಾಕಲೇಬೇಕು ಎನ್ನುತ್ತದೆ. ಯೂರಿಯಾ ಬೇಕಾದರೆ ಇದನ್ನೂ ಒಯ್ಯಿರಿ ಎಂದು ಬೇಡದ ಬಾಟಲಿ ಗಂಟು ಹಾಕುತ್ತಾರಲ್ಲ, ಅದು ಗ್ರಾಹಕ ಕಾಯ್ದೆ ಹೆಸರಿಸಿರುವ ತಪ್ಪು.

ರೈತ ಗ್ರಾಹಕನೇ ಅಲ್ಲ ಎಂದು ವಾದಿಸಿದವರು ಖಾಸಗಿ ಕಂಪನಿಯವರು ಮಾತ್ರವಲ್ಲ, ಸರ್ಕಾರದ್ದೇ ಆದ ರಾಷ್ಟ್ರೀಯ ಬೀಜ ನಿಗಮವೂ ವಾದಿಸಿತ್ತು. ಆಂಧ್ರದ ರೈತರು ಕಳಪೆ ಬೀಜಕ್ಕೆ ಪರಿಹಾರ ಕೇಳಿದಾಗ, ಬೀಜಕ್ಕೆ 1966ರ ಬೇರೆ ಕಾಯ್ದೆ ಇದೆ, ಗ್ರಾಹಕ ವೇದಿಕೆಗೆ ಬರುವಂತಿಲ್ಲ, ಬೀಜವನ್ನು ಪ್ರಯೋಗಾಲಯಕ್ಕೆ ಕಳಿಸಿಲ್ಲ ಎಂದೆಲ್ಲ ನಿಗಮ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2012ರ ಜನವರಿಯಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಬೀಜ ಕೆಡಬಹುದೆಂದು ಮೊದಲೇ ಎಣಿಸಿ ರೈತ ಒಂದು ಪಾಲು ಎತ್ತಿಡುತ್ತಾನೆಂದು ಯಾರೂ ನಿರೀಕ್ಷಿಸಬಾರದು ಎಂದಿತು. ತಂದದ್ದನ್ನೆಲ್ಲ ಬಿತ್ತುವವನೇ ರೈತ ಎಂದು ದೆಹಲಿಯ ನ್ಯಾಯಾಧೀಶರಿಗೆ ತಿಳಿಯಿತು, ನಮ್ಮ ತಾಲೂಕಿನ ಅಂಗಡಿಗೆ ಇನ್ನೂ ತಿಳಿದಿಲ್ಲ.

ಇನ್ನು ಚೀಟಿಯ ಸಂಗತಿ. ನೀಲಿ ಚೀಟಿ ಇದ್ದರೆ ಪ್ರಮಾಣಿತ ಬೀಜ, ಪ್ರಮಾಣನ ಸಂಸ್ಥೆ ಹೊಲಕ್ಕೆ ಹೋಗಿ ನೋಡಿರುತ್ತದೆ. ತಿಳಿಹಸಿರು ಚೀಟಿ ಇದ್ದರೆ ಕಂಪನಿ ತಾನೇ ಕೊಟ್ಟ ಮಾತು ಅಷ್ಟೆ. ಎರಡರಲ್ಲೂ ತಳಿ, ಲಾಟ್ ನಂಬರು, ಶೇಕಡಾ ಎಷ್ಟು ಮೊಳಕೆ, ಪರೀಕ್ಷೆ ಮಾಡಿದ ದಿನ, ಎಲ್ಲಿಯವರೆಗೆ ಚಾಲ್ತಿ ಎಂಬುದು ಇರಬೇಕು. ಪ್ರಮಾಣಿತ ಗೋವಿನಜೋಳಕ್ಕೆ ಮೊಳಕೆ ಶೇಕಡಾ 90ಕ್ಕೆ ಕಡಿಮೆ ಇರಬಾರದು. ಕೀಟನಾಶಕದ ಡಬ್ಬಿ ಮೇಲೆ ಕೆಂಪು ತ್ರಿಕೋನ ಕಂಡರೆ ಎಲ್ಲಕ್ಕಿಂತ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಆ ಚೀಟಿಯಲ್ಲಿ ಮಾರುವ ಸೀಮೆಯ ಭಾಷೆಯೂ ಇರಬೇಕೆಂಬ ನಿಯಮ 1971ರಿಂದಲೇ ಇದೆ. ಕನ್ನಡವೇನೋ ಇರುತ್ತದೆ, ಆದರೆ ಇರುವೆ ಸಾಲಿನಂಥ ಅಕ್ಷರ! ಮೂಗಿನ ಮೇಲೆ ಕನ್ನಡಕವಿದ್ದೂ ನನಗೆ ಓದಲಾಗಲಿಲ್ಲ, ಹೈಸ್ಕೂಲಿನ ಮೊಮ್ಮಗಳಿಂದ ಓದಿಸಿದೆ. ವಿಷದ ಪ್ರಮಾಣ ಓದಲಾಗದಂತೆ ಅಚ್ಚು ಹಾಕಿ ನಿಯಮ ಪಾಲಿಸಿದೆವು ಅನ್ನುವವರಿಗೆ ಏನನ್ನೋಣ? ಕಂಪನಿಯ ಹೆಸರನ್ನು ಮಾತ್ರ ಅಂಗೈ ಅಗಲ ಬರೆಯಲು ಜಾಗ ಇರುತ್ತದೆ.

ಬೀಜ ಹುಟ್ಟದಿದ್ದರೆ ಹೊಲ ಹರಗುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಸಹಿ ಪಡೆಯಿರಿ. ಅಧಿಕಾರಿ ಹೊಲಕ್ಕೆ ಬಂದು ಬರೆದುಕೊಂಡ ವರದಿಯೇ ಮುಂದೆ ನಿಮ್ಮ ಕೈ ಹಿಡಿಯುವುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಂಡ ಮಾಲಿನ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಮೂರು ತಿಂಗಳಲ್ಲಿ, ಮಾಲಿನ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ, ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆಯಲ್ಲಿದೆ. ತಾರೀಖಿನ ಮೇಲೆ ತಾರೀಖು ಬೀಳುವುದನ್ನು ಕಂಡವರಿಗೆ ಇದು ನಗೆ ತರಿಸೀತು. ಅಷ್ಟರಲ್ಲಿ ಸೊಸೈಟಿಯ ಕಂತು, ದಲಾಲಿಯ ಬಡ್ಡಿ ಯಾವುದೂ ನಿಲ್ಲುವುದಿಲ್ಲ. ಅದಕ್ಕೇ ನಮ್ಮ ಬೇಡಿಕೆ ಇದು: ಬೀಜದ ದೂರು ಇತ್ಯರ್ಥವಾಗುವ ತನಕ ಆ ಬೀಜಕ್ಕೆಂದು ಮಾಡಿದ ಸಾಲದ ವಸೂಲಿ ನಿಲ್ಲಬೇಕು.

ಈ ಸಲ ಬೀಜ ತಂದ ದಿನವೇ ಬಿಲ್ಲು, ಚೀಟಿ, ಒಂದು ಹಿಡಿ ಬೀಜ ಒಣ ಡಬ್ಬಿಯಲ್ಲಿ ಹಾಕಿಡಿ. ಬಿಲ್ಲು ಕೇಳಿದರೆ ಉದ್ರಿಯೇ ಇಲ್ಲ ಅಂತಾನೆ ಎಂಬ ಅಂಜಿಕೆ ನಿಮಗಿದೆ, ನನಗೂ ಇತ್ತು. ಒಬ್ಬರೇ ಹೋಗಬೇಡಿ. ಓಣಿಯ ಐದಾರು ಮಂದಿ ಒಂದೇ ದಿನ, ಒಂದೇ ಅಂಗಡಿಗೆ ಹೋಗಿ ಕೇಳಿ.