ಹೆಬ್ಬಾಗಿಲಿನ ಕಾವಲುಗಾರ



ಮನೆಯಲ್ಲಿ ಇಂಟರ್‌ನೆಟ್ ನಿಂತರೆ ಅಪ್ಪ, ಅಮ್ಮ ಮೊದಲು ಕೂಗುವುದು ನಿಮ್ಮನ್ನೇ. ಸಂಘದ ಕಚೇರಿಯಲ್ಲೂ ಅದೇ ಕಥೆ. "ಸ್ವಲ್ಪ ನೋಡಪ್ಪ, ಸಭಾಗೃಹದ ಕ್ಯಾಮೆರಾ ಮನೆಯಿಂದಲೇ ಕಾಣುವ ಹಾಗೆ ಮಾಡಿಕೊಡು" ಎಂದು ಹಿರಿಯರು ಹೇಳುತ್ತಾರೆ. ಕೆಲಸ ಐದು ನಿಮಿಷದ್ದು. ಆದರೆ ಹಾಗೆ ತೆರೆದ ಬಾಗಿಲು ವರ್ಷಗಟ್ಟಲೆ ತೆರೆದೇ ಇರಬಹುದು. ಆದ್ದರಿಂದ ಈ ಸಲ 'ನ್ಯಾಟ್', ಅಂದರೆ ಗೇಟ್‌ವೇಯಲ್ಲಿ ವಿಳಾಸ ಬದಲಿಸುವ ನಿಯಮಗಳ ಬಗ್ಗೆ ನಾಲ್ಕು ಮಾತು.

ಐಪಿ ನಾಲ್ಕನೆಯ ಆವೃತ್ತಿಯ ವಿಳಾಸ 32 ಬಿಟ್‌ಗಳದ್ದು. ಲೆಕ್ಕ ಹಾಕಿದರೆ ಸುಮಾರು 430 ಕೋಟಿ ವಿಳಾಸಗಳು. ತಲೆಗೊಂದರಂತೆ ಹಂಚಿದರೂ ಜಗತ್ತಿಗೆ ಸಾಲದು. ಈ ಕೊರತೆಗೆ ಉಪಾಯವಾಗಿ ನ್ಯಾಟ್ ಪದ್ಧತಿಯ ವಿವರಣೆ 1994ರಲ್ಲಿ ಪ್ರಕಟವಾಯಿತು. 10ರಿಂದ ಆರಂಭವಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಆರಂಭವಾಗುವವು, ಹೀಗೆ ಮೂರು ಗುಂಪಿನ ವಿಳಾಸಗಳನ್ನು 1996ರ ದಾಖಲೆ ಖಾಸಗಿ ಬಳಕೆಗೆ ಮೀಸಲಿಟ್ಟಿದೆ. 2011ರ ಫೆಬ್ರವರಿಯಲ್ಲಿ ಕೇಂದ್ರ ಭಂಡಾರದ ಕೊನೆಯ ಕಟ್ಟುಗಳೂ ಹಂಚಿಹೋದವು.

ನಿಮ್ಮ ಹೌಸಿಂಗ್ ಸೊಸೈಟಿಯನ್ನೇ ನೋಡಿ. '302' ಎಂಬ ಫ್ಲಾಟ್ ಊರಿನ ಎಷ್ಟೋ ಕಟ್ಟಡಗಳಲ್ಲಿದೆ. ಬರೀ ಆ ಅಂಕಿ ಬರೆದರೆ ಕಾಗದ ತಲುಪದು. 192.168.1.10 ಕೂಡ ಹಾಗೆಯೇ. ಗೇಟ್‌ವೇ ಎಂದರೆ ರಿಜಿಸ್ಟರ್ ಇಟ್ಟುಕೊಂಡು ಕುಳಿತ ಕಾವಲುಗಾರ. ಒಳಗಿನಿಂದ ಹೊರಡುವ ಕಾಗದದ ಮೇಲೆ ಕಳಿಸಿದವರ ವಿಳಾಸ ಅಳಿಸಿ, ತನ್ನ ವಿಳಾಸವನ್ನೂ ಒಂದು ಪೋರ್ಟ್ ಸಂಖ್ಯೆಯನ್ನೂ ಬರೆಯುತ್ತಾನೆ. ರಿಜಿಸ್ಟರಿನಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಉತ್ತರ ಬಂದಾಗ ಆ ಗುರುತು ನೋಡಿ ಸರಿಯಾದ ಮನೆಗೆ ಮುಟ್ಟಿಸುತ್ತಾನೆ.

ಲಿನಕ್ಸ್ ಗೇಟ್‌ವೇಯಲ್ಲಿ ಇದಕ್ಕೆ ಮೊದಲು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಸಂದೇಶ ದಾಟಿಸುವ ಅನುಮತಿಯನ್ನು ಚಾಲೂ ಮಾಡಬೇಕು. ಆಮೇಲೆ ಹೊರಹೋಗುವ ನಿಯಮ. ಯಾವ ಕಾರ್ಡಿನಿಂದ ಹೊರಡಬೇಕೆಂದು ತೀರ್ಮಾನವಾದ ಮೇಲೆ ವಿಳಾಸ ಬದಲಾಗಬೇಕು. ಆದ್ದರಿಂದ ಈ ನಿಯಮದ ಜಾಗ 'ಪೋಸ್ಟ್‌ರೌಟಿಂಗ್'. ಹೊರವಿಳಾಸ ಸ್ಥಿರವಾಗಿದ್ದರೆ 'ಎಸ್‌ನ್ಯಾಟ್', ಆಗಾಗ ಬದಲಾಗುವಂತಿದ್ದರೆ 'ಮಾಸ್ಕರೇಡ್'. ಮಾಸ್ಕರೇಡ್ ಎಂದರೆ ವೇಷ. ಚೌಕಿಯಲ್ಲಿ ವೇಷ ಕಟ್ಟಿಕೊಂಡು ರಂಗಕ್ಕೆ ಬಂದ ಮೇಲೆ ಒಳಗಿನ ಮನುಷ್ಯ ಯಾರೆಂದು ಪ್ರೇಕ್ಷಕರಿಗೆ ಕಾಣದಲ್ಲ, ಹಾಗೆ. ಈ ನಿಯಮವನ್ನು ಹೊರಗಿನ ಕಾರ್ಡಿಗೆ ಮಾತ್ರ ಅನ್ವಯಿಸಿ. ಇಲ್ಲವಾದರೆ ಹೊರಗಿನಿಂದ ಬಂದವರೂ ಗೇಟ್‌ವೇಯ ವೇಷದಲ್ಲೇ ಒಳಗೆ ಕಾಣುತ್ತಾರೆ; ಬಂದವರು ಯಾರೆಂದು ಕ್ಯಾಮೆರಾದ ದಾಖಲೆಯಿಂದ ಗೊತ್ತಾಗದು.

ಒಳಬರುವವರಿಗೆ 'ಡಿನ್ಯಾಟ್'; ಇದನ್ನೇ ಪೋರ್ಟ್ ಫಾರ್ವರ್ಡಿಂಗ್ ಎನ್ನುವುದು. ಸಂದೇಶ ಯಾವ ದಾರಿ ಹಿಡಿಯಬೇಕೆಂದು ನಿರ್ಧರಿಸುವ ಮುನ್ನವೇ ಅದರ ಗುರಿ ಬದಲಾಗಬೇಕು. ಆದ್ದರಿಂದ ಇದರ ಜಾಗ 'ಪ್ರೀರೌಟಿಂಗ್'. ಹಲವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಫೈರ್‌ವಾಲ್‌ನ 'ಫಾರ್ವರ್ಡ್' ಪಟ್ಟಿಯನ್ನು ತಲುಪುವಷ್ಟರಲ್ಲಿ ಗುರಿ ಬದಲಾಗಿರುತ್ತದೆ. ಅಲ್ಲಿ ಅನುಮತಿ ಬರೆಯುವಾಗ ಒಳಗಿನ ವಿಳಾಸ, ಒಳಗಿನ ಪೋರ್ಟ್ ಬರೆಯಬೇಕು.

ಪರೀಕ್ಷೆಯನ್ನು ಹೊರಗಿನಿಂದಲೇ, ಅಂದರೆ ಮೊಬೈಲಿನ ವೈಫೈ ಆರಿಸಿ ಮಾಡಿ. ಗೇಟ್‌ವೇಯ ಹೊರವಿಳಾಸ 100.64ರಿಂದ 100.127ರ ನಡುವಿನದಾದರೆ, ಇಂಟರ್‌ನೆಟ್ ಕಂಪನಿಯೇ ಮೇಲೊಂದು ನ್ಯಾಟ್ ಹಾಕಿದೆ ಎಂದು ತಿಳಿಯಿರಿ. ಆಗ ನಿಮ್ಮ ಪೋರ್ಟ್ ಫಾರ್ವರ್ಡಿಂಗ್ ನಿಯಮ ಎಷ್ಟೇ ಸರಿಯಿದ್ದರೂ ಹೊರಗಿನವರು ನಿಮ್ಮ ಬಾಗಿಲವರೆಗೂ ಬರಲಾರರು.

ಈಗ ಮುಖ್ಯ ಮಾತು. ಬಾಗಿಲು ತೆರೆಯಬಹುದು, ಆದರೆ ತೆರೆಯಬೇಕೇ? 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶ ಇಂಟರ್‌ನೆಟ್ಟಿಗೆ ತೆರೆದುಕೊಂಡಿದ್ದ ಕ್ಯಾಮೆರಾ, ರೆಕಾರ್ಡರ್, ರೌಟರ್‌ಗಳನ್ನು ಹುಡುಕಿ ಹುಡುಕಿ, ಕಾರ್ಖಾನೆಯಲ್ಲಿ ಕೊಟ್ಟ ಪಾಸ್‌ವರ್ಡ್‌ನಿಂದಲೇ ಒಳನುಗ್ಗಿತು. ಅದೇ ವರ್ಷದ ಅಕ್ಟೋಬರ್ 21ರಂದು ಹಾಗೆ ವಶವಾದ ಯಂತ್ರಗಳು 'ಡೈನ್' ಕಂಪನಿಯ ಮೇಲೆ ದಾಳಿಯಿಟ್ಟು, ಹಲವು ಹೆಸರಾಂತ ತಾಣಗಳು ಗಂಟೆಗಟ್ಟಲೆ ಸಿಗದಂತೆ ಮಾಡಿದವು. ಯಂತ್ರದ ಮಾಲೀಕರಿಗೆ ಸುಳಿವೇ ಇಲ್ಲದೆ ಇಂಥದು ನಡೆದುಹೋಗುತ್ತದೆ.

ಹಾಗಾಗಿ ಕ್ಯಾಮೆರಾದ ಪೋರ್ಟನ್ನು ನೇರವಾಗಿ ಲೋಕಕ್ಕೆ ತೆರೆಯಬೇಡಿ. ಗೇಟ್‌ವೇಯಲ್ಲಿ 'ವೈರ್‌ಗಾರ್ಡ್'ನಂಥ ವಿಪಿಎನ್ ಹಾಕಿ, ಕೀಲಿಯಿದ್ದವರು ಮಾತ್ರ ಒಳಬರುವಂತೆ ಮಾಡಿ. ಯಂತ್ರಗಳು ತಾವೇ ಬಾಗಿಲು ತೆರೆಸಿಕೊಳ್ಳುವ 'ಯುಪಿಎನ್‌ಪಿ' ಸೌಲಭ್ಯವನ್ನು ಆರಿಸಿ. ನ್ಯಾಟ್ ಇದೆಯೆಂದು ಫೈರ್‌ವಾಲ್ ಮರೆಯಬೇಡಿ. ವಿಳಾಸ ಬದಲಿಸುವುದು ಬೇರೆ, ಕಾವಲು ಬೇರೆ. ತೆರೆದ ಪ್ರತಿಯೊಂದು ಪೋರ್ಟ್ ಯಾರಿಗಾಗಿ, ಎಂದಿನಿಂದ, ಏಕೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೀವು ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ ಮೇಲೆ ನಿಮ್ಮ ತಮ್ಮನೋ ತಂಗಿಯೋ ಅದನ್ನು ನೋಡಿ ಬೇಡದ್ದನ್ನು ಮುಚ್ಚಬಲ್ಲರು.

ಸಭಾಗೃಹದ ಆ ಕ್ಯಾಮೆರಾದಲ್ಲಿ ಕಾಣುವುದು ಬರೀ ಕುರ್ಚಿಗಳಲ್ಲ. ಕನ್ನಡ ತರಗತಿಗೆ ಬರುವ ಪುಟ್ಟ ಮಕ್ಕಳ ಮುಖಗಳೂ ಹೌದು. ಹಿರಿಯರು ಮತ್ತೆ ಕೇಳಿದರೆ ಧೈರ್ಯವಾಗಿ ಹೇಳಿ: "ಕಾಣುವ ಹಾಗೆ ಖಂಡಿತ ಮಾಡುತ್ತೇನೆ ಮಾಮ, ಆದರೆ ನಮಗಷ್ಟೇ. ಒಂದು ದಿನ ಹೆಚ್ಚು ಕೊಡಿ."