ಬಸವನಹುಳು ಕಟ್ಟಿದ ಕೋಟೆಗೆ ಪಾಚಿಯ ಮುತ್ತಿಗೆ

ಬಸವನಹುಳು ಎಂದೊಡನೆ ಕಣ್ಣಮುಂದೆ ಬರುವುದು ಬೆನ್ನ ಮೇಲೆ ಮನೆ ಹೊತ್ತು ಮಳೆಗಾಲದ ತೋಟದಲ್ಲಿ ನಿಧಾನವಾಗಿ ಸಾಗುವ ಜೀವಿ. ಆದರೆ ಕಡಲಿನಲ್ಲಿರುವ ಅದರ ಬಂಧುಗಳಲ್ಲಿ ಕೆಲವು ಸಾಗುವುದನ್ನೇ ಬಿಟ್ಟುಬಿಟ್ಟಿವೆ! ಮರಿಯಾಗಿದ್ದಾಗ ಬಂಡೆಗೆ ಅಂಟಿಕೊಂಡರೆ ಮುಗಿಯಿತು, ಸಾಯುವ ತನಕ ಅಲ್ಲೇ ವಾಸ. ಮೊದಲಿಗೆ ಸುರುಳಿಯಾಗಿದ್ದ ಚಿಪ್ಪು ಬೆಳೆಯುತ್ತ ಬೆಳೆಯುತ್ತ ಕೊಳವೆಯ ಆಕಾರ ಪಡೆಯುತ್ತದೆ. ನೋಡುವವರಿಗೆ ಅದು ಹುಳುವಿನ ಗೂಡಿನಂತೆ ಕಾಣುತ್ತದೆ. ಇವುಗಳಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರು ವರ್ಮೆಟಿಡ್. ಲ್ಯಾಟಿನ್ ಭಾಷೆಯಲ್ಲಿ ‘ವರ್ಮಿಸ್’ ಎಂದರೆ ಹುಳು.

ಕುಳಿತಲ್ಲೇ ಕುಳಿತರೆ ಊಟಕ್ಕೇನು ಗತಿ? ಈ ಜೀವಿ ಲೋಳೆಯ ಎಳೆಗಳನ್ನು ಸ್ರವಿಸಿ ನೀರಿನಲ್ಲಿ ಬಲೆಯಂತೆ ಹರಡುತ್ತದೆ. ಅಲೆಗಳು ಹೊತ್ತುತರುವ ಆಹಾರದ ಕಣಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಬಳಿಕ ಬಲೆಯನ್ನು ಒಳಗೆಳೆದುಕೊಂಡು ಕಣಗಳ ಸಮೇತ ನುಂಗುತ್ತದೆ. ಜೇಡನಿಗೂ ಇದಕ್ಕೂ ಎಷ್ಟೊಂದು ಹೋಲಿಕೆ!

ಮೆಡಿಟರೇನಿಯನ್ ಸಮುದ್ರದ ಬೆಚ್ಚಗಿನ ತೀರಗಳಲ್ಲಿ, ಅಂದರೆ ಸಿಸಿಲಿ, ದಕ್ಷಿಣ ಸ್ಪೇನ್, ಅಲ್ಜೀರಿಯಾ, ಲೆಬನಾನ್, ಇಸ್ರೇಲ್ ಮುಂತಾದೆಡೆ, ಡೆಂಡ್ರೊಪೋಮಾ ಎಂಬ ಗುಂಪಿನ ವರ್ಮೆಟಿಡ್‌ಗಳು ಒತ್ತೊತ್ತಾಗಿ ಬೆಳೆದು ದಿಬ್ಬಗಳನ್ನೇ ಕಟ್ಟಿವೆ. ಕೊಳವೆಗಳ ನಡುವಿನ ಸಂದುಗಳನ್ನು ಸುಣ್ಣದಂಶವುಳ್ಳ ಒಂದು ಬಗೆಯ ಕೆಂಪು ಪಾಚಿ ಬೆಸೆಯುತ್ತದೆ. ಇಟ್ಟಿಗೆ ಬಸವನಹುಳುವಿನದು, ಗಾರೆ ಪಾಚಿಯದು! ನೂರಾರು ವರ್ಷಗಳ ಈ ಸಹಕಾರದಿಂದ ಎದ್ದ ದಿಬ್ಬ ಅಲೆಗಳ ಹೊಡೆತವನ್ನು ತಾನು ತಿಂದು ದಡವನ್ನು ಕಾಯುತ್ತದೆ. ಅದರ ಬಿರುಕುಗಳಲ್ಲಿ, ಗುಂಡಿಗಳಲ್ಲಿ ಏಡಿ, ಹುಳು, ಮರಿಮೀನುಗಳಿಗೆ ಆಸರೆ ಸಿಗುತ್ತದೆ. ಮೆಡಿಟರೇನಿಯನ್‌ನಲ್ಲಿ ಉಬ್ಬರ ಇಳಿತಗಳು ತೀರ ಕಡಿಮೆ. ಹೀಗಾಗಿ ದಿಬ್ಬ ಸರಿಸುಮಾರು ನೀರಿನ ಮಟ್ಟದಲ್ಲೇ ಬೆಳೆಯುತ್ತದೆ. ಹಳೆಯ ದಿಬ್ಬಗಳನ್ನು ಅಳೆದು ಹಿಂದೆ ಕಡಲಿನ ಮಟ್ಟ ಎಲ್ಲಿತ್ತೆಂದು ಹೇಳಬಹುದು.

ಈ ಕೋಟೆಗೆ ಈಗ ಬೇರೆ ಪಾಚಿಗಳ ಕಾಟ ಶುರುವಾಗಿದೆ. ಗಾರೆ ಹಾಕುವ ಪಾಚಿ ಆ ಊರಿನದೇ. ಇವು ಹೊರಗಿನಿಂದ ಬಂದವು. ಇವು ಬಂದದ್ದು ಹೇಗೆ? 1869ರಲ್ಲಿ ಸೂಯೆಜ್ ಕಾಲುವೆ ತೆರೆದಾಗ ಕೆಂಪು ಸಮುದ್ರಕ್ಕೂ ಮೆಡಿಟರೇನಿಯನ್‌ಗೂ ದಾರಿಯಾಯಿತು. ಹಡಗುಗಳ ಜೊತೆಗೆ ಜೀವಿಗಳೂ ದಾಟಿದವು. ಎಳೆ ಎಳೆಯಾಗಿ ಹಬ್ಬುವ ಲೋಫೊಕ್ಲಾಡಿಯಾ ಎಂಬ ಕೆಂಪು ಪಾಚಿ ಹೀಗೆ ಬಂದದ್ದು. ಆಸ್ಟ್ರೇಲಿಯಾದ ನೈಋತ್ಯ ತೀರದ ಕಾಲರ್ಪಾ ಸಿಲಿಂಡ್ರೇಸಿಯಾ ಎಂಬ ಹಸಿರು ಪಾಚಿ 1990ರಲ್ಲಿ ಲಿಬಿಯಾ ತೀರದಲ್ಲಿ ಕಾಣಿಸಿಕೊಂಡು, ಎರಡು ದಶಕ ಕಳೆಯುವಷ್ಟರಲ್ಲಿ ಮೆಡಿಟರೇನಿಯನ್‌ನ ಬಹುಭಾಗಕ್ಕೆ ಹಬ್ಬಿತು.

ಕಾಲರ್ಪಾದ ದೇಹರಚನೆ ವಿದ್ಯಾರ್ಥಿಗಳಿಗೆ ಅಚ್ಚರಿ ತರುವಂಥದು. ಬೇರು, ಕಾಂಡ, ಎಲೆಗಳಿರುವಂತೆ ಕಂಡರೂ ಇಡೀ ಗಿಡ ಒಂದೇ ಜೀವಕೋಶ! ಒಳಗೆ ಗೋಡೆಗಳಿಲ್ಲ, ಅಸಂಖ್ಯ ಕೋಶಕೇಂದ್ರಗಳಿವೆ. ಒಂದು ತುಂಡು ಮುರಿದು ಬಿದ್ದರೆ ಅದೇ ಹೊಸ ಗಿಡವಾಗುತ್ತದೆ. ಮೀನುಗಾರರ ಬಲೆಗೋ ಹಡಗಿನ ಲಂಗರಿಗೋ ಸಿಕ್ಕಿಕೊಂಡ ಚೂರು ಸಾಕು, ಇನ್ನೊಂದು ಊರು ಸೇರಲು. ಜೊತೆಗೆ ಅದರಲ್ಲಿರುವ ಕಾಲರ್ಪೆನೈನ್ ಎಂಬ ವಿಷವಸ್ತು ಅದನ್ನು ಮೇಯಲು ಬರುವ ಎಷ್ಟೋ ಜೀವಿಗಳಿಗೆ ಒಗ್ಗುವುದಿಲ್ಲ. ನಮ್ಮ ಹೊಲದ ಬದುಗಳಲ್ಲಿ ದನ ಮುಟ್ಟದ ಕಾಂಗ್ರೆಸ್ ಗಿಡ ಹಬ್ಬುವುದಿಲ್ಲವೇ? ಹಾಗೆಯೇ.

ಇಂಥ ಪಾಚಿ ಚಾಪೆಯಂತೆ ಹಾಸಿಕೊಂಡರೆ ಕೆಳಗಿನ ಬಂಡೆಗೆ ಬೆಳಕು ಕಡಿಮೆಯಾಗುತ್ತದೆ, ಮರಳು ಮಣ್ಣು ಸಿಕ್ಕಿ ನಿಲ್ಲುತ್ತವೆ. ಕೊಳವೆಯ ಬಾಯಿಯೇ ಮುಚ್ಚಿದರೆ ಬಸವನಹುಳು ಬಲೆ ಬೀಸುವುದು ಎಲ್ಲಿ? ಮರಿ ಅಂಟಿಕೊಳ್ಳುವುದು ಎಲ್ಲಿ? ಡೆಂಡ್ರೊಪೋಮಾದ ಮರಿಗಳು ತಾಯಿಯ ಚಿಪ್ಪಿನೊಳಗೇ ಬೆಳೆದು, ಹೊರಬಂದು ಅಲ್ಲೇ ಆಸುಪಾಸಿನಲ್ಲಿ ನೆಲೆಸುತ್ತವೆ. ತೇಲಿಕೊಂಡು ದೂರ ಹೋಗಲಾರವು. ಆದ್ದರಿಂದ ಒಂದು ಕಡೆಯ ದಿಬ್ಬ ಸತ್ತರೆ ಬೇರೆ ಕಡೆಯಿಂದ ಹೊಸ ಒಕ್ಕಲು ಬರುವುದು ಬಹು ಕಷ್ಟ. ಕಟ್ಟುವವರಿಲ್ಲದ ಕೋಟೆಯನ್ನು ಅಲೆಗಳು ಚೂರುಚೂರಾಗಿ ಕೊರೆಯುತ್ತವೆ.

ಎಲ್ಲ ತಪ್ಪನ್ನೂ ಪಾಚಿಯ ತಲೆಗೆ ಕಟ್ಟುವುದು ಮಾತ್ರ ಸರಿಯಲ್ಲ. ಇಸ್ರೇಲ್ ತೀರದಲ್ಲಿ ಡೆಂಡ್ರೊಪೋಮಾ ಬಹುಮಟ್ಟಿಗೆ ಕಣ್ಮರೆಯಾಗಿದೆ. ಅಲ್ಲಿ ಕಡಲು ಬಿಸಿಯೇರುತ್ತಿದೆ, ಮಾಲಿನ್ಯವೂ ಇದೆ. ದುರ್ಬಲನಾದವನಿಗೆ ರೋಗ ಬೇಗ ತಗಲುವಂತೆ, ಸೊರಗಿದ ದಿಬ್ಬಕ್ಕೆ ಹೊರಗಿನ ಕಳೆ ಬೇಗ ಮುತ್ತುತ್ತದೆ.

ಹಾಗಾದರೆ ತಡೆಯುವ ದಾರಿ? ಎರಡು ಉದಾಹರಣೆಗಳು ಪಾಠ ಹೇಳುತ್ತವೆ. ಕಾಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಇನ್ನೊಂದು ಜಾತಿಯನ್ನು ಗಾಜಿನ ತೊಟ್ಟಿಗಳ ಅಲಂಕಾರಕ್ಕೆ ಬೆಳೆಸುತ್ತಿದ್ದರು. 1984ರಲ್ಲಿ ಅದು ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ ಕಂಡಾಗ ಹರಡಿದ್ದು ಸುಮಾರು ಒಂದು ಚದರ ಮೀಟರ್ ಅಷ್ಟೆ. ಕೂಡಲೇ ಕೀಳಲಿಲ್ಲ, ಮುಂದೆ ಅದು ಸಾವಿರಾರು ಹೆಕ್ಟೇರಿಗೆ ಹಬ್ಬಿತು. ಅದೇ ಪಾಚಿ 2000ದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿದಾಗ ಕೆಲವೇ ದಿನಗಳಲ್ಲಿ ಟಾರ್ಪಾಲು ಹೊದಿಸಿ ಕ್ಲೋರಿನ್ ಹಾಕತೊಡಗಿದರು. 2006ರಲ್ಲಿ ಅದು ಪೂರ್ತಿ ನಾಶವಾಯಿತೆಂದು ಸಾರಿದರು. ಹಣವೇನೋ ಲಕ್ಷಾಂತರ ಡಾಲರ್ ಖರ್ಚಾಯಿತು, ಆದರೆ ಕಡಲು ಉಳಿಯಿತು.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. ಟೂತ್‌ಪೇಸ್ಟ್, ಐಸ್‌ಕ್ರೀಂಗಳಿಗೆ ಬಳಸುವ ಕ್ಯಾರಗೀನನ್ ಎಂಬ ಅಂಟಿಗಾಗಿ ತಮಿಳುನಾಡಿನ ಮಂಡಪಂ ತೀರದಲ್ಲಿ ಕಪ್ಪಾಫೈಕಸ್ ಎಂಬ ಹೊರನಾಡಿನ ಕಡಲಕಳೆಯನ್ನು ಬೆಳೆಸುತ್ತಾರೆ. ಮೀನುಗಾರ ಮಹಿಳೆಯರಿಗೆ ಅದು ಅನ್ನದ ದಾರಿ. ಆದರೆ ಮನ್ನಾರ್ ಖಾರಿಯ ಕುರುಸಡೈ ದ್ವೀಪದ ಹವಳಗಳ ಮೇಲೂ ಅದು ಹಬ್ಬಿರುವುದನ್ನು 2008ರಲ್ಲಿ ಸಂಶೋಧಕರು ವರದಿ ಮಾಡಿದರು. ಅನ್ನವೂ ಬೇಕು, ಹವಳವೂ ಬೇಕು. ಎರಡನ್ನೂ ಉಳಿಸಿಕೊಳ್ಳಬೇಕಾದರೆ ಬೆಳೆಯ ಜೊತೆಗೆ ನಿತ್ಯದ ಕಾವಲೂ ಇರಬೇಕು.

ಮನೆಯ ಮೀನಿನ ತೊಟ್ಟಿ ಬೇಡವಾದಾಗ ಅದರ ಮೀನು, ಗಿಡಗಳನ್ನು ಕೆರೆಗೋ ಹೊಳೆಗೋ ಬಿಡುವುದು ಪುಣ್ಯದ ಕೆಲಸವೆಂದು ಮಕ್ಕಳಿಗೆ ತೋರಬಹುದು. ಹಾಗೆ ಬಿಡಬಾರದೆಂದು ತಂದೆತಾಯಿಯರೇ ತಿಳಿಹೇಳಬೇಕು. ಮೊನಾಕೊದ ಕಥೆ ಶುರುವಾದದ್ದೂ ಒಂದು ಗಾಜಿನ ತೊಟ್ಟಿಯಿಂದಲೇ.