ಒಂಟಿ ಸವಾರ ನಿಜವಾಗಿ ಒಂಟಿಯೇ?

ರಾತ್ರಿ ಮೆಸ್‌ನಲ್ಲಿ ಊಟ ಆದ್ಮೇಲೆ ನಮ್ಮಲ್ಲಿ ಒಂದಷ್ಟು ಜನಕ್ಕೆ ಒಂದು ಚಟ ಇದೆ. ಆಸ್ಟ್ರೇಲಿಯಾದ ಔಟ್‌ಬ್ಯಾಕ್‌ನಲ್ಲಿ ಸೈಕಲ್ ತುಳಿಯುವವರ ವಿಡಿಯೋ ನೋಡೋದು. ಕೆಂಪು ಮಣ್ಣು, ಸ್ಕೇಲ್ ಇಟ್ಟು ಎಳೆದಂಥ ರಸ್ತೆ, ಒಬ್ಬನೇ ಸವಾರ, ಹಿನ್ನೆಲೆಯಲ್ಲಿ ಗಿಟಾರ್. ಮೇಲೆ ದಪ್ಪ ಅಕ್ಷರದಲ್ಲಿ ‘ಸೋಲೋ, ಅನ್‌ಸಪೋರ್ಟೆಡ್’. ವಿಡಿಯೋ ಮುಗಿಯೋ ಹೊತ್ತಿಗೆ ಯಾರಾದರೊಬ್ಬರು ಹೇಳೇ ಹೇಳ್ತಾರೆ: “ಸೆಮ್ ರಜೇಲಿ ನಾನೂ ಹೀಗೇ ಹೊರಡ್ತೀನಿ ಗುರು. ಯಾರಿಗೂ ಹೇಳಲ್ಲ, ಯಾರ ಸಹಾಯಾನೂ ಬೇಡ.”

ಹೊರಡಬೇಡಿ ಅಂತ ನಾವು ಹೇಳ್ತಿಲ್ಲ. ನಮ್ಮ ತಕರಾರು ಇರೋದು ಆ ಕೊನೆಯ ಮಾತಿನ ಮೇಲೆ. ಔಟ್‌ಬ್ಯಾಕ್ ಸೈಕಲ್ ಯಾನದ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ ‘ಯಾರ ಸಹಾಯವೂ ಬೇಡ’ ಅನ್ನೋ ಮಾತು ನಿಲ್ಲೋದಿಲ್ಲ.

1890ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕೂಲ್‌ಗಾರ್ಡಿ ಸುತ್ತಮುತ್ತ ಚಿನ್ನ ಸಿಕ್ಕಿತು. ನೀರಿಲ್ಲದ ಸೀಮೆ. ಕುದುರೆಗೆ ನೀರೂ ಬೇಕು, ಮೇವೂ ಬೇಕು. ಸೈಕಲ್‌ಗೆ ಎರಡೂ ಬೇಡ. ಹಾಗಾಗಿ ಗಣಿಗಳ ನಡುವೆ ಟಪಾಲು, ಸಂದೇಶ ಒಯ್ಯುವ ಸೈಕಲ್ ಸವಾರರು ಹುಟ್ಟಿಕೊಂಡರು. ಆದರೆ ಆ ಮರಳಲ್ಲಿ ಕಿರಿದಾದ ಟೈರು ಓಡಿದ್ದು ಹೇಗೆ? ಒಂಟೆಗಳಿಂದ! ಒಂಟೆಯ ಅಗಲ, ಮೆತ್ತನೆ ಪಾದ ಮರಳನ್ನು ಒತ್ತಿ ಒತ್ತಿ ಗಟ್ಟಿ ಜಾಡು ಮಾಡಿತ್ತು. ಆ ಒಂಟೆಗಳನ್ನು ನಡೆಸುತ್ತಿದ್ದವರಲ್ಲಿ ಅಫ್ಘಾನಿಸ್ತಾನ, ಬಲೂಚಿಸ್ತಾನ, ಪಂಜಾಬ್, ಸಿಂಧ್ ಕಡೆಯವರು ಬಹಳ ಮಂದಿ. ಸೈಕಲ್ಲಿನ ಮೊದಲ ರಸ್ತೆಯನ್ನು ಅಲ್ಲಿ ಹಾಕಿಕೊಟ್ಟವರು ಇವರೇ ಅನ್ನಬಹುದು.

1896ರಲ್ಲಿ ಆರ್ಥರ್ ರಿಚರ್ಡ್‌ಸನ್ ಎಂಬಾತ ಕೂಲ್‌ಗಾರ್ಡಿಯಿಂದ ಅಡಿಲೇಡ್‌ಗೆ ನಲ್ಲರ್‌ಬೋರ್ ಬಯಲು ದಾಟಿ 31 ದಿನಗಳಲ್ಲಿ ಬಂದ. ಜೊತೆಗಿದ್ದದ್ದು ಒಂದು ಸಣ್ಣ ಗಂಟು, ಒಂದು ನೀರಿನ ಚೀಲ. ಮೂರು ವರ್ಷದ ನಂತರ ಇಡೀ ಆಸ್ಟ್ರೇಲಿಯಾವನ್ನೇ ಸೈಕಲ್‌ನಲ್ಲಿ ಸುತ್ತಿದ ಮೊದಲಿಗನೂ ಆತನೇ. 1897ರಲ್ಲಿ ಜೆರೋಮ್ ಮ್ಯೂರಿಫ್ ದಕ್ಷಿಣದ ಅಡಿಲೇಡ್ ಕಡೆಯಿಂದ ಉತ್ತರದ ಡಾರ್ವಿನ್‌ಗೆ ಹೋದ, ಅದೂ ಪೈಜಾಮಾ ತೊಟ್ಟು! ಇಬ್ಬರೂ ಗಟ್ಟಿಗರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಬ್ಬರೂ ಹಿಡಿದದ್ದು ಟೆಲಿಗ್ರಾಫ್ ತಂತಿಯ ದಾರಿ.

ಇಲ್ಲಿ ನಮ್ಮ ಇ.ಸಿ. ಗೆಳೆಯರು ಕಿವಿಗೊಡಬೇಕು. ಮ್ಯೂರಿಫ್ ಹಿಡಿದ ಲೈನು 1872ರಲ್ಲಿ ಪೂರ್ಣಗೊಂಡದ್ದು. ಉದ್ದ ಸುಮಾರು 3,200 ಕಿ.ಮೀ. ಅಷ್ಟು ದೂರ ಸಿಗ್ನಲ್ ಕ್ಷೀಣಿಸದೆ ಹೋಗೋದಿಲ್ಲ. ಹಾಗಾಗಿ ಸುಮಾರು 250–300 ಕಿ.ಮೀ.ಗೊಂದು ರಿಪೀಟರ್ ಸ್ಟೇಷನ್. ಸ್ಟೇಷನ್ ಅಂದಮೇಲೆ ಅಲ್ಲಿ ಜನ, ಜನ ಅಂದಮೇಲೆ ನೀರು. ಸಂದೇಶ ಸೋತು ನಿಲ್ಲುವ ಜಾಗ ಸವಾರನಿಗೂ ತಂಗುವ ಜಾಗವಾಯಿತು. ಆ ಸ್ಟೇಷನ್‌ಗಳನ್ನು ಕಟ್ಟುವಾಗ ಹುಡುಕಿಕೊಂಡ ನೀರಿನ ತಾಣಗಳೋ, ಅಲ್ಲಿನ ಮೂಲನಿವಾಸಿಗಳಿಗೆ ಸಾವಿರಾರು ವರ್ಷಗಳಿಂದ ಗೊತ್ತಿದ್ದಂಥವು. ನಾವು ‘ಯಾರೂ ಇಲ್ಲದ ಜಾಗ’ ಅಂತ ಕ್ಯಾಪ್ಷನ್ ಹಾಕೋದು ಅವರ ಊರಿಗೆ. ಇವತ್ತಿಗೂ ಗ್ರೇಟ್ ಸೆಂಟ್ರಲ್ ರೋಡ್‌ನಲ್ಲಿ ಹೋಗಬೇಕಾದರೆ ಅವರ ನೆಲ ದಾಟಲು ಪರ್ಮಿಟ್ ತೆಗೆದುಕೊಂಡೇ ಹೋಗಬೇಕು.

ಈಗಿನ ಕಥೆಗೆ ಬರೋಣ. ನಲ್ಲರ್‌ಬೋರ್ ದಾಟುವ ಏರ್ ಹೈವೇಗೆ 1976ರ ಹೊತ್ತಿಗೆ ಪೂರ್ತಿ ಡಾಂಬರು ಬಿತ್ತು. ಅಲ್ಲಿ ಬಲ್ಲಡೋನಿಯಾ, ಕೈಗೂನಾ ಅನ್ನೋ ಎರಡು ರೋಡ್‌ಹೌಸ್‌ಗಳ ನಡುವೆ 182 ಕಿ.ಮೀ. ಅಂತರ. ಅದರಲ್ಲಿ 146 ಕಿ.ಮೀ.ಗೂ ಹೆಚ್ಚು ಒಂದೇ ಒಂದು ತಿರುವೂ ಇಲ್ಲದ ನೇರ ರಸ್ತೆ. ಈ ಅಂತರ ಕಾರಿನವನಿಗೆ ಎರಡು ಗಂಟೆ. ಸಾಮಾನು ಹೇರಿದ ಸೈಕಲ್‌ಗೆ ಎರಡು ದಿನ. ಬಿಸಿಲಲ್ಲಿ ಕುಡಿಯೋಕೆ, ಅಡುಗೆಗೆ ಸೇರಿ ದಿನಕ್ಕೆ 10 ಲೀಟರ್ ಅಂತ ಇಟ್ಟುಕೊಳ್ಳಿ. ಅಲ್ಲಿಗೆ ನೀರಿನದೇ 20 ಕೆ.ಜಿ., ಸೈಕಲ್‌ಗಿಂತ ಭಾರ. ಎದುರುಗಾಳಿ ಬಂತೋ, ಲೆಕ್ಕ ಕೆಟ್ಟಿತು. ನೀವು ಗಂಟೆಗೆ 20 ಕಿ.ಮೀ. ವೇಗದಲ್ಲಿರುವಾಗ ಎದುರಿಂದ ಅಷ್ಟೇ ವೇಗದ ಗಾಳಿ ಬೀಸಿದರೆ ಡ್ರ್ಯಾಗ್ ನಾಲ್ಕು ಪಟ್ಟು. ಆಗ ವೇಗ ಇಳಿಯುತ್ತೆ, ಎರಡು ದಿನ ಮೂರಾಗುತ್ತೆ, ನೀರು 30 ಲೀಟರ್ ಬೇಕಾಗುತ್ತೆ. ಅಷ್ಟನ್ನೂ ಹೊರಟಾಗಲೇ ತುಂಬಿಕೊಂಡರೆ ಸೈಕಲ್ ಇನ್ನೂ ನಿಧಾನ. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಲ್ಲಿ ನಿದ್ದೆ ಮಾಡಿದವರಿಗೂ ಈ ಲೂಪ್ ಅರ್ಥವಾಗುತ್ತೆ.

ಈ ಲೂಪ್ ಮುರಿಯೋದು ಹೇಗೆ? ರಸ್ತೆ ಬದಿಯಲ್ಲಿ ಖಾಲಿ ಬಾಟಲಿ ಎತ್ತಿ ಹಿಡಿದು. ಕ್ಯಾರವಾನ್‌ನವರು ನಿಲ್ಲಿಸಿ ನೀರು ಕೊಡ್ತಾರೆ, ಮುಂದೆ ಸಿಗುವವರಿಗೆ ‘ಒಬ್ಬ ಸೈಕಲ್‌ನವನಿದ್ದಾನೆ, ನೋಡ್ಕೊಳ್ಳಿ’ ಅಂತ ಸುದ್ದಿಯನ್ನೂ ಮುಟ್ಟಿಸ್ತಾರೆ. ವಿಡಿಯೋದಲ್ಲಿ ಈ ಭಾಗಕ್ಕೆ ಗಿಟಾರ್ ಇರೋದಿಲ್ಲ, ಎಷ್ಟೋ ಸಲ ಈ ಭಾಗವೇ ಇರೋದಿಲ್ಲ.

ಒಂಟೆಯ ಜಾಡಾಗಲಿ, ಟೆಲಿಗ್ರಾಫ್ ಸ್ಟೇಷನ್ನಾಗಲಿ, ಪೆಟ್ರೋಲ್ ಹಾಕುವ ರೋಡ್‌ಹೌಸಾಗಲಿ ಸೈಕಲ್‌ಗೋಸ್ಕರ ಆದದ್ದಲ್ಲ. ಬೇರೆಯವರು ತಮ್ಮ ಕೆಲಸಕ್ಕೆ ಮಾಡಿಕೊಂಡದ್ದರ ಮೇಲೆ ಸವಾರ 130 ವರ್ಷಗಳಿಂದ ಹೋಗುತ್ತಿದ್ದಾನೆ. ಇದರಿಂದ ಅವನ ಸಾಹಸ ಸಣ್ಣದಾಗೋದಿಲ್ಲ. ಕಾಲು ಅವನದೇ, ಬೆವರು ಅವನದೇ. ಆದರೆ ನಿಜವಾಗಿ ಬಲ್ಲ ಸವಾರನಿಗೆ ತಾನು ಯಾರ ಮೇಲೆ, ಎಲ್ಲಿ, ಎಷ್ಟು ಅವಲಂಬಿಸಿದ್ದೇನೆ ಅನ್ನೋದು ಲೀಟರ್ ಲೆಕ್ಕದಲ್ಲಿ ಗೊತ್ತಿರುತ್ತೆ. ‘ನನಗೆ ಯಾರೂ ಬೇಡ’ ಅನ್ನುವವನು ಲೆಕ್ಕವನ್ನೇ ಹಾಕಿರೋದಿಲ್ಲ.

ನಮಗೂ ಈ ರೋಗ ಇದೆ. ಪ್ರಾಜೆಕ್ಟ್ ನಾನೊಬ್ಬನೇ ಮಾಡಿದೆ ಅನ್ನೋದು ಹೆಮ್ಮೆ, ಸೀನಿಯರ್‌ನ ಕೇಳಿದೆ ಅನ್ನೋದು ಅವಮಾನ. ಬ್ಯಾಕ್‌ಲಾಗ್ ಆದರೂ, ಮನಸ್ಸಿಗೆ ತೀರಾ ಕಷ್ಟವಾದರೂ ಬಾಯಿ ಬಿಡೋದಿಲ್ಲ. ಖಾಲಿ ಬಾಟಲಿ ಎತ್ತಿ ಹಿಡಿಯೋಕೆ ನಾಚಿಕೆ.

ಔಟ್‌ಬ್ಯಾಕ್‌ಗೆ ಹೋಗುವ ಸವಾರರು ಅಂಗೈಯಗಲದ ಒಂದು ಬೀಕನ್ ಇಟ್ಟುಕೊಳ್ತಾರೆ. ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂದೇಶ ಹೋಗಿ, ಅಲ್ಲಿಂದ ರಕ್ಷಣಾ ತಂಡಕ್ಕೆ ಮುಟ್ಟುತ್ತೆ. ಆದರೆ ಅದನ್ನು ನೋಂದಾಯಿಸುವಾಗ ತುರ್ತಿಗೆ ಯಾರನ್ನು ಸಂಪರ್ಕಿಸಬೇಕು ಅಂತ ಹೆಸರು, ಫೋನ್ ನಂಬರ್ ಕೊಡಬೇಕು. ಒಬ್ಬನೇ ಹೋಗುವವನ ಯಂತ್ರವೂ ಇನ್ನೊಬ್ಬರ ಹೆಸರು ಕೇಳುತ್ತೆ.

ಹಾಗಾಗಿ ಈ ರಜೆಯಲ್ಲಿ ಹೊರಡುವವರು ಖಂಡಿತ ಹೊರಡಿ. ಯಾವ ದಾರಿ, ಎಲ್ಲಿ ಮಲಗೋದು, ಎಷ್ಟು ಹೊತ್ತಿನೊಳಗೆ ಫೋನ್ ಬರದಿದ್ದರೆ ಗಾಬರಿಯಾಗಬೇಕು ಅಂತ ಒಂದು ಚೀಟಿ ಬರೆದು ರೂಮ್‌ಮೇಟ್ ಕೈಗೆ ಕೊಡಿ. ಮನೆಗೂ ಒಂದು ಮಾತು ಹೇಳಿ. ಅಮ್ಮ ನಾಲ್ಕು ಬೈದು, ಆಮೇಲೆ ಚಕ್ಕುಲಿ ಕಟ್ಟಿಕೊಡ್ತಾರೆ. ಅದನ್ನೂ ಸಪೋರ್ಟ್ ಅಂತಲೇ ಲೆಕ್ಕಕ್ಕೆ ಹಿಡೀರಿ.